ಮರಕ್ಕೆ ಪರವಾನಿಗೆ ಬೇಕು, ಕಡಿಯುವವನಿಗೆ ಏನೂ ಬೇಡವೇ?

ನೆಕ್ರಾಜೆಯ ಯಾವುದೇ ಜಾಗದಲ್ಲಿ ಒಂದು ಶ್ರೀಗಂಧದ ಮರ ಒಣಗಿ ನಿಂತರೆ, ಅದಕ್ಕೆ ಕತ್ತಿ ತಾಗಿಸುವ ಮೊದಲು ಜಾಗದ ಯಜಮಾನರು ಅರಣ್ಯ ಇಲಾಖೆಯ ಬಾಗಿಲಿಗೆ ಹೋಗಬೇಕು. ಹೋಗದಿದ್ದರೆ ಕೇಸು ಬೀಳುತ್ತದೆ ಎಂಬುದು ಸಣ್ಣ ಮಕ್ಕಳಿಗೂ ಗೊತ್ತು. ಖಾಸಗಿ ಜಮೀನಿನ ಮರಗಳಿಗಾಗಿಯೇ ಕೇರಳದಲ್ಲಿ 2005ರ ಒಂದು ಕಾಯಿದೆ ಇದೆ. 2021ರಲ್ಲಿ ವಯನಾಡಿನ ಮುಟ್ಟಿಲ್‌ನಲ್ಲಿ ಬೀಟಿ ಮರಗಳನ್ನು ಉರುಳಿಸಿದ ಸುದ್ದಿ ಹೊರಬಿದ್ದಾಗ ಇಡೀ ರಾಜ್ಯದಲ್ಲಿ ಗದ್ದಲವಾಯಿತು. ಎಷ್ಟು ಮರ, ಎಷ್ಟು ತುಂಡು, ಎಷ್ಟು ಬೆಲೆ ಎಂದು ಲೆಕ್ಕ ನಡೆಯಿತು. ಅದು ತಪ್ಪೆಂದು ನಾವು ಹೇಳುವುದಿಲ್ಲ. ಮರಕ್ಕೆ ಲೆಕ್ಕ ಇರಲೇಬೇಕು. ಆದರೆ ಆ ಮರದ ಬುಡದಲ್ಲಿ ಮೆಶಿನ್ ಹಿಡಿದು ನಿಲ್ಲುವ ಕೂಲಿಗಾರನ ಲೆಕ್ಕವನ್ನು ಇಡುವವರು ಯಾರು?

ಕೇಳಿದರೆ ಸಿಗುವ ಉತ್ತರ ಒಂದೇ. "ಮೆಶಿನ್ ಅವನದ್ದು, ಕೆಲಸ ಅವನಿಗೆ ಗೊತ್ತು, ನಮಗೇನು?" ಅನಾಹುತವಾದ ಮೇಲೆ ಈ ಮಾತಿಗೆ ಇನ್ನೊಂದು ಬಾಲ ಸೇರುತ್ತದೆ. "ಅವನ ಗ್ರಹಚಾರ." ಈ ಎರಡು ಮಾತುಗಳೂ ಸುಳ್ಳು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಸೀಮೆಯಲ್ಲಿ ಈ ಕೆಲಸಕ್ಕೆ ಬಿಡುವೆಂಬುದಿಲ್ಲ. ರಬ್ಬರು ಮರ 25-30 ವರ್ಷ ಹಾಲು ಕೊಟ್ಟ ಮೇಲೆ ಕಡಿದು ಮಾರುವ ವಸ್ತುವಾಗುತ್ತದೆ. ಮರದ ವ್ಯಾಪಾರಿ ಇಡೀ ಗುಡ್ಡೆಯನ್ನೇ ಕ್ರಯಕ್ಕೆ ಹಿಡಿಯುತ್ತಾನೆ, ತುಂಡುಗಳು ಲಾರಿ ಹತ್ತಿ ಪ್ಲೈವುಡ್ ಕಾರ್ಖಾನೆಗಳ ಕಡೆ ಹೋಗುತ್ತವೆ. ಮುದಿ ಗೇರು ಮರ, ಕೊಟ್ಟಿಗೆಗೆ ವಾಲಿದ ಹಲಸು, ರೋಗ ಬಡಿದ ತೆಂಗು, ಮನೆ ಕಟ್ಟುವಲ್ಲಿ ಅಡ್ಡ ಬಂದ ಮಾವು, ಇವೆಲ್ಲ ಬೇರೆ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಜಿಲ್ಲೆ ಇದು. ಮುರಕಲ್ಲಿನ ಮೇಲಿನ ತೆಳು ಮಣ್ಣು ಒದ್ದೆಯಾದಾಗ ಒಂದು ಗಾಳಿಗೆ ಮರ ಬುಡಸಮೇತ ಮಲಗುತ್ತದೆ. ಆಗ ಮೆಶಿನಿನವನಿಗೆ ಹತ್ತು ಕಡೆಯಿಂದ ಕರೆ. ಎಲ್ಲರಿಗೂ ಅವಸರ. ಅವನಿಗೆ ಹೆಲ್ಮೆಟ್ ಇದೆಯೇ ಎಂದು ಕೇಳುವ ಪುರಸೊತ್ತು ಮಾತ್ರ ಯಾರಿಗೂ ಇಲ್ಲ.

ಕೊಡಲಿಯ ಕಾಲದಲ್ಲಿ ಅಪಾಯವಿರಲಿಲ್ಲವೇ ಎಂದು ಕೆಲವರು ಕೇಳಬಹುದು. ಇತ್ತು. ಆದರೆ ಕೊಡಲಿಗೂ ಇಬ್ಬರು ಎಳೆಯುವ ಗರಗಸಕ್ಕೂ ಒಂದು ಗುಣವಿತ್ತು, ಅವು ಕಿವಿಯನ್ನು ಮುಚ್ಚುತ್ತಿರಲಿಲ್ಲ. ಮರ ಮುರಿಯುವ ಮೊದಲು ಚಟಚಟ ಸದ್ದು ಕೊಡುತ್ತದೆ. ಆ ಸದ್ದು ಕೇಳಿ ಕೈ ನಿಲ್ಲಿಸಿ, ಮೇಲೆ ನೋಡಿ, ಬದಿಗೆ ಸರಿಯುವಷ್ಟು ಹೊತ್ತು ಸಿಗುತ್ತಿತ್ತು. ಜೊತೆಯವನು ಕೂಗಿದರೆ ಕೇಳಿಸುತ್ತಿತ್ತು. ಮೆಶಿನಿನ ಸದ್ದು 100 ಡೆಸಿಬೆಲ್ಲಿಗೂ ಮೇಲೆ. ಅದರ ನಡುವೆ ಮರದ ಎಚ್ಚರಿಕೆಯೂ ಕೇಳಿಸುವುದಿಲ್ಲ, ಮನುಷ್ಯನ ಕೂಗೂ ಕೇಳಿಸುವುದಿಲ್ಲ. ಅರ್ಧ ದಿನದ ಕೆಲಸ ಹತ್ತು ನಿಮಿಷಕ್ಕೆ ಇಳಿದಿದೆ, ಯೋಚಿಸುವ ಹೊತ್ತೂ ಅಷ್ಟಕ್ಕೇ ಇಳಿದಿದೆ. ಲಾಭ ಯಾರಿಗೆ ಹೋಯಿತು, ಅಪಾಯ ಯಾರ ಪಾಲಿಗೆ ಉಳಿಯಿತು ಎಂಬುದನ್ನು ವಾಚಕರೇ ತೂಗಿ ನೋಡಲಿ.

ಈ ಯಂತ್ರದ ಅಪಾಯ ಗುಟ್ಟಿನದ್ದಲ್ಲ. ಉದ್ದನೆಯ ಉಕ್ಕಿನ ಪಟ್ಟಿಯ ಸುತ್ತ ಹಲ್ಲಿನ ಚೈನು ಸೆಕೆಂಡಿಗೆ 20 ಮೀಟರಿನಷ್ಟು ವೇಗದಲ್ಲಿ ಓಡುತ್ತದೆ, ಅಂದರೆ ಗಂಟೆಗೆ 70 ಕಿಲೋಮೀಟರ್. ಪಟ್ಟಿಯ ಮೂತಿಯ ಮೇಲಿನ ಅಂಚು ಒಂದು ಕೊಂಬೆಗೋ ಗಂಟಿಗೋ ತಾಗಿತೆಂದರೆ ಚೈನು ಅಲ್ಲಿ ಕಚ್ಚಿ, ಯಂತ್ರವನ್ನೇ ಹಿಂದಕ್ಕೆ ಮೇಲಕ್ಕೆ ಎಸೆಯುತ್ತದೆ. ಎಸೆಯುವುದು ಹಿಡಿದವನ ಮುಖ, ಕುತ್ತಿಗೆ, ಹೆಗಲಿನ ಕಡೆಗೆ, ಅದೂ ಕಣ್ಣು ರೆಪ್ಪೆ ಬಡಿಯುವುದರೊಳಗೆ. ಯಾವ ಅನುಭವಸ್ಥನ ಕೈಯೂ ಅಷ್ಟು ಚುರುಕಲ್ಲ. ಆದ್ದರಿಂದಲೇ ಮುಂದಿನ ಹಿಡಿಯೆದುರು ಒಂದು ಅಡ್ಡಪಟ್ಟಿ ಇದೆ. ಅದು ಮುಂದಕ್ಕೆ ತಳ್ಳಿಹೋದರೆ ಚೈನು ಒಮ್ಮೆಲೇ ನಿಲ್ಲುತ್ತದೆ. ಎಸೆತದ ರಭಸಕ್ಕೇ ತಾನಾಗಿ ಬೀಳುವ ಚೈನ್ ಬ್ರೇಕನ್ನು ಸ್ವೀಡನ್ನಿನ ಹುಸ್ಕ್‌ವಾರ್ನಾ ಕಂಪೆನಿ ತನ್ನ ಯಂತ್ರಗಳಲ್ಲಿ ತಂದದ್ದು 1973ರಲ್ಲಿ. ಅಂದರೆ ಅರ್ಧ ಶತಮಾನದ ಹಿಂದೆಯೇ ರೋಗವೂ ತಿಳಿದಿತ್ತು, ಮದ್ದೂ ತಿಳಿದಿತ್ತು. ಇಂದು ನಮ್ಮ ಗುಡ್ಡೆಯಲ್ಲಿ ಬ್ರೇಕು ಕೆಟ್ಟ ಮೆಶಿನ್ ಓಡಿದರೆ ಅದನ್ನು ಗ್ರಹಚಾರ ಎನ್ನುವುದು ಹೇಗೆ?

ಮರ ಬೀಳಿಸುವುದಕ್ಕೂ ಶಾಸ್ತ್ರವಿದೆ. ಬೀಳಬೇಕಾದ ಕಡೆಗೆ ಬುಡದ ದಪ್ಪದ ಐದರಲ್ಲೊಂದು ಇಲ್ಲವೆ ನಾಲ್ಕರಲ್ಲೊಂದು ಪಾಲಿನಷ್ಟು ಬಾಯಿ ತೆಗೆಯಬೇಕು. ಹಿಂದಿನಿಂದ ಕೊಯ್ಯುವಾಗ ದಪ್ಪದ ಹತ್ತರಲ್ಲೊಂದು ಪಾಲನ್ನು ಕೊಯ್ಯದೆ ಉಳಿಸಬೇಕು. ಅದು ಬಾಗಿಲಿನ ತಿರುಗಣಿ ಇದ್ದಂತೆ, ಮರವನ್ನು ಹಿಡಿದು ಹೇಳಿದ ದಿಕ್ಕಿಗೆ ಇಳಿಸುವುದೇ ಅದು. ಅವಸರದಲ್ಲಿ ಅದನ್ನೂ ಕೊಯ್ದುಬಿಟ್ಟರೆ ಮರ ಸ್ವತಂತ್ರವಾಯಿತು, ಎತ್ತ ಬೇಕಾದರೂ ಬೀಳಬಹುದು. ಕೊಯ್ಯಲು ಶುರುಮಾಡುವ ಮೊದಲೇ ಹಿಂದಕ್ಕೆ ಓರೆಯಾಗಿ ಓಡುವ ದಾರಿಯನ್ನು ಬಳ್ಳಿ, ಪೊದೆ, ಕಲ್ಲು ತೆಗೆದು ತೆರವು ಮಾಡಿರಬೇಕು. ಮರದ ಎತ್ತರದ ಎರಡು ಪಾಲು ದೂರದೊಳಗೆ ಬೇರೆ ಯಾರೂ ಇರಕೂಡದು.

ಒಂದೊಂದು ಮರದ ಸ್ವಭಾವವೂ ಬೇರೆ. ರಬ್ಬರಿನ ಕೊಂಬೆ ಸುಲಭವಾಗಿ ಮುರಿಯುವಂಥದ್ದು, ಗಾಳಿಗೆ ಒಂದೇ ಕಡೆಗೆ ಭಾರ ವಾಲಿರುತ್ತದೆ. ತೀರ ವಾಲಿದ ಮರವನ್ನು ಸುಮ್ಮನೆ ಹಿಂದಿನಿಂದ ಕೊಯ್ದರೆ ಕಾಂಡ ಅರ್ಧದಲ್ಲೇ ಉದ್ದಕ್ಕೆ ಸೀಳಿ, ಹಿಂದಿನ ಸೀಳು ಮೇಲೆದ್ದು ಕೊಯ್ಯುವವನಿಗೇ ಬಡಿಯುತ್ತದೆ. ಗೇರು ಮರದ ಕೊಂಬೆಗಳು ನೆಲಕ್ಕೆ ಊರಿಕೊಂಡಿದ್ದರೆ ಅವು ಬಿಲ್ಲಿನ ಹಾಗೆ ಬಿಗಿದಿರುತ್ತವೆ. ಎಳೆತವಿರುವ ಬದಿಯನ್ನು ಮೊದಲು ಕೊಯ್ದವನಿಗೆ ಏಟು ಖಂಡಿತ. ಮಳೆಗೆ ಬಿದ್ದ ಮರದ ಕಾಂಡ ಕೊಯ್ದ ಕೂಡಲೇ ಎದ್ದು ನಿಂತಿದ್ದ ಬೇರಿನ ಗುಡ್ಡೆ ಮಣ್ಣುಸಮೇತ ಹಿಂದಕ್ಕೆ ಗುಂಡಿಗೆ ಮಗುಚಬಹುದು. ಇನ್ನೊಂದು ಮರದ ಮೇಲೆ ಸಿಕ್ಕಿಬಿದ್ದು ನಿಂತ ಮರದಷ್ಟು ಕಪಟಿ ಬೇರೆ ಇಲ್ಲ. ಅದರ ಅಡಿಗೆ ಹೋಗುವುದೂ ಆಧಾರದ ಮರವನ್ನು ಕಡಿಯುವುದೂ ಸಾವನ್ನು ಕೈಬೀಸಿ ಕರೆದಂತೆ. ಇಷ್ಟು ತಿಳಿದಿರಬೇಕಾದ ಕೆಲಸವನ್ನು ನಾವು ಕೂಲಿ ಕೆಲಸ ಎನ್ನುತ್ತೇವೆ. ನಿಜದಲ್ಲಿ ಇದು ಕಲಿತು ಮಾಡಬೇಕಾದ ಕಸುಬು. ಆದರೆ ಕಲಿಸುವವರು ಎಲ್ಲಿ? ಯಂತ್ರದ ಜೊತೆ ಬಂದ ಇಂಗ್ಲಿಷ್ ಪುಸ್ತಕ ಅಂಗಡಿಯ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಕನ್ನಡ ಓದುವವನಿಗೂ, ಮಲಯಾಳ ಓದುವವನಿಗೂ, ಬಂಗಾಳ ಅಸ್ಸಾಮಿನಿಂದ ದುಡಿಯಲು ಬಂದವನಿಗೂ ಅದರಿಂದ ಪ್ರಯೋಜನವಿಲ್ಲ.

"ಅವನೇ ಜಾಗ್ರತೆ ಮಾಡಬೇಕಿತ್ತು" ಎನ್ನುವವರಿಗೆ ನಮ್ಮದೊಂದು ಪ್ರಶ್ನೆ. ಅವನ ಕೂಲಿಯನ್ನು ಹೇಗೆ ನಿಶ್ಚಯಿಸಿದಿರಿ? ಮರಕ್ಕಿಷ್ಟು, ಲೋಡಿಗಿಷ್ಟು ಎಂದಲ್ಲವೇ? ಓಡುವ ದಾರಿ ತೆರವು ಮಾಡುವ ಹತ್ತು ನಿಮಿಷಕ್ಕೆ ಅದರಲ್ಲಿ ಕಾಸಿಲ್ಲ. ಚೈನಿನ ಹಲ್ಲು ಅರೆಯುವುದಕ್ಕೆ ಕಾಸಿಲ್ಲ. ಗಾಳಿ ಜೋರಾದಾಗ ಕೈಕಟ್ಟಿ ಕೂತರೆ ಅಂದಿನ ಗಂಜಿಗೇ ಕತ್ತರಿ. ಜಾಗ್ರತೆ ಮಾಡಿದವನಿಗೆ ಕೂಲಿ ಕಡಿಮೆಯಾಗುವಂತೆ ಒಪ್ಪಂದ ಮಾಡಿ, ಆಮೇಲೆ ಜಾಗ್ರತೆ ಸಾಲದು ಎಂದು ದೂರುವುದು ಯಾವ ನ್ಯಾಯ? ಮೊಂಡ ಚೈನು, ಸೋತ ತೋಳು, ಸಂಜೆಯ ಮಬ್ಬು, ಲಾರಿ ಡ್ರೈವರನ ಹಾರ್ನು, ಇವು ನಾಲ್ಕೂ ಸೇರಿದ ಹೊತ್ತಿನಲ್ಲೇ ಕಾಲು ಹೋಗುವುದು. ಈ ನಾಲ್ಕರಲ್ಲಿ ಯಾವುದನ್ನೂ ಕೂಲಿಗಾರ ತನ್ನ ಸಂತೋಷಕ್ಕೆ ತಂದುಕೊಂಡದ್ದಲ್ಲ.

"ಅವರಿಗೆ ಕೊಟ್ಟರೂ ಹಾಕುವುದಿಲ್ಲ, ಸೆಕೆ ಎನ್ನುತ್ತಾರೆ" ಎಂಬುದು ಇನ್ನೊಂದು ನೆಪ. ಸೆಕೆ ನಿಜ. ಮುಂಡು ಮೇಲಕ್ಕೆ ಕಟ್ಟಿ ರಬ್ಬರು ಚಪ್ಪಲಿಯಲ್ಲಿ ನಿಲ್ಲುವುದು ಹಗುರ ಎಂಬುದೂ ನಿಜ. ಆದರೆ ಕಾಲಿನ ರಕ್ಷಣೆಯ ಚಲ್ಲಣ ಬರೇ ದಪ್ಪ ಬಟ್ಟೆಯಲ್ಲ. ಅದರೊಳಗಿನ ಉದ್ದನೆಯ ಗಟ್ಟಿ ನೂಲುಗಳು ಚೈನು ತಾಗಿದ ಕೂಡಲೇ ಎಳೆದು ಬಂದು ಚಕ್ರಕ್ಕೆ ಸುತ್ತಿ ಯಂತ್ರವನ್ನೇ ನಿಲ್ಲಿಸುತ್ತವೆ. ಇದನ್ನು ತಿಳಿದ ಮೇಲೂ ಬೇಡ ಎನ್ನುವವರು ಎಷ್ಟು ಮಂದಿ? ಮೊದಲು ಕೊಟ್ಟು ನೋಡಿ. ಅದಕ್ಕೆ ತಕ್ಕ ಹಾಗೆ ಬಿಸಿಲೇರುವ ಮೊದಲೇ ಕೆಲಸ ಶುರುಮಾಡಿ, ನಡುವೆ ನೆರಳು ನೀರು ವಿಶ್ರಾಂತಿ ಕೊಟ್ಟು ನೋಡಿ. ಆಮೇಲೆ ದೂರು ಹೇಳಿ.

ಮೂರನೆಯ ನೆಪ, "ಕುಡಿದಿದ್ದ." ಕುಡಿದವನ ಕೈಗೆ ಮೆಶಿನ್ ಕೊಡಕೂಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾನೂನನ್ನೂ ತಿಳಿಯಿರಿ. 1923ರ ಕಾರ್ಮಿಕ ಪರಿಹಾರ ಕಾಯಿದೆಯ ಎರಡನೇ ಅನುಸೂಚಿಯಲ್ಲಿ ಮರ ಕಡಿಯುವ ಕೆಲಸವನ್ನು ಹೆಸರಿಟ್ಟೇ ಸೇರಿಸಲಾಗಿತ್ತು. ಆ ಹೊಣೆ ಇಂದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಬಂದಿದೆ. ಕೆಲಸದಿಂದಾಗಿ, ಕೆಲಸದ ಹೊತ್ತಿನಲ್ಲಿ ಆದ ಅಪಘಾತಕ್ಕೆ ಕೆಲಸ ಕೊಟ್ಟವನು ಪರಿಹಾರ ತೆರಬೇಕು. ಸಾವಾದರೆ ತಿಂಗಳ ಕೂಲಿಯ 50 ಶೇಕಡವನ್ನು, ಶಾಶ್ವತವಾಗಿ ಪೂರ್ತಿ ಅಂಗವಿಕಲನಾದರೆ 60 ಶೇಕಡವನ್ನು ವಯಸ್ಸಿಗೆ ತಕ್ಕ ಸಂಖ್ಯೆಯಿಂದ ಗುಣಿಸಿ ಲೆಕ್ಕ ಹಾಕುವುದು ಕ್ರಮ. ಕುಡಿದಿದ್ದ, ಹೇಳಿದ್ದನ್ನು ಕೇಳಲಿಲ್ಲ ಎಂಬ ವಾದ ಸಣ್ಣ ಗಾಯಕ್ಕೆ ನಡೆಯಬಹುದು. ಸಾವಿನ ಮುಂದೆಯೂ ಪೂರ್ತಿ ಅಂಗವೈಕಲ್ಯದ ಮುಂದೆಯೂ ಆ ವಾದವನ್ನು ಕಾನೂನು ಒಪ್ಪುವುದಿಲ್ಲ. ಆದರೆ ಹಕ್ಕು ಇದ್ದರೆ ಸಾಲದು, ಕೆಲಸ ಕೊಟ್ಟವರು ಯಾರೆಂದು ತೋರಿಸಲು ಒಂದು ತುಂಡು ಕಾಗದವಾದರೂ ಬೇಕು. ನಮ್ಮಲ್ಲಿ ಒಪ್ಪಂದವೆಲ್ಲ ಬಾಯಿಮಾತು. ಕೈ ಹೋದ ದಿನ ಜಾಗದವರು ವ್ಯಾಪಾರಿಯನ್ನು ತೋರಿಸುತ್ತಾರೆ, ವ್ಯಾಪಾರಿ ಮೆಶಿನಿನವನನ್ನು ತೋರಿಸುತ್ತಾನೆ. ಅವನಿಗೆ ತೋರಿಸಲು ಬೆರಳೇ ಇರುವುದಿಲ್ಲ.

ಕಾಸರಗೋಡಿನವರಿಗೆ ಈ ಪಾಠ ಹೊಸದಾಗಬಾರದಿತ್ತು. ಇದೇ ಜಿಲ್ಲೆಯ ಗೇರು ತೋಟಗಳ ಮೇಲೆ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗಲೂ ಏನೂ ಆಗುವುದಿಲ್ಲ ಎಂದೇ ಹೇಳಲಾಗಿತ್ತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿದ್ದು 2017ರಲ್ಲಿ. ಮೊದಲು ದೇಹ ಕೆಡಲಿ, ಆಮೇಲೆ ಲೆಕ್ಕ ನೋಡೋಣ ಎಂಬ ನೀತಿಯ ಬೆಲೆ ಎಷ್ಟೆಂದು ನಾವು ಕಂಡಿದ್ದೇವೆ.

ಮರ ಕಡಿಯುವವನ ವಿಷಯ ವೇದಪುಸ್ತಕದಲ್ಲಿಯೂ ಬಂದಿದೆ. ಧರ್ಮೋಪದೇಶಕಾಂಡದ 19ನೇ ಅಧ್ಯಾಯದಲ್ಲಿ, ನೆರೆಯವನೊಡನೆ ಕಾಡಿಗೆ ಹೋದವನ ಕೊಡಲಿ ಕಾವಿನಿಂದ ಕಳಚಿ ತಗಲಿ ನೆರೆಯವನು ಸತ್ತರೆ, ಕೊಂದವನಿಗೆ ಆಶ್ರಯನಗರವಿದೆ. ಅದು ತಿಳಿಯದೆ ಆದದ್ದು. ಆದರೆ ಅದೇ ಪುಸ್ತಕದ 22ನೇ ಅಧ್ಯಾಯದಲ್ಲಿ ಹೊಸ ಮನೆ ಕಟ್ಟಿದವನು ಮಾಳಿಗೆಯ ಸುತ್ತ ತಡೆಗೋಡೆ ಕಟ್ಟಬೇಕೆಂಬ ಆಜ್ಞೆ ಇದೆ. ಕಟ್ಟದೆ ಯಾರಾದರೂ ಬಿದ್ದು ಸತ್ತರೆ ರಕ್ತಾಪರಾಧ ಮನೆಯವನ ಮೇಲೆ. ಬಿದ್ದವನು ನೋಡಿ ನಡೆಯಬೇಕಿತ್ತು ಎಂಬ ಸಬೂಬಿಗೆ ಅಲ್ಲಿ ಎಡೆಯಿಲ್ಲ. ತಿಳಿಯದ ಅಪಾಯ ಬೇರೆ, ತಿಳಿದೂ ತಡೆಯದ ಅಪಾಯ ಬೇರೆ. ಚೈನ್ ಬ್ರೇಕು, ಹೆಲ್ಮೆಟ್, ಕಾಲುರಕ್ಷೆ, ಇವು ನಮ್ಮ ಕಾಲದ ತಡೆಗೋಡೆಗಳು. ಅವುಗಳಿಲ್ಲದೆ ಕೆಲಸ ಮಾಡಿಸುವವನು ಆಶ್ರಯನಗರದ ಬಾಗಿಲು ತಟ್ಟುವ ಹಾಗಿಲ್ಲ.

ಆಸ್ಪತ್ರೆಯ ದೂರವನ್ನೂ ನೆನಪಿಡಬೇಕು. ತೊಡೆಯ ದೊಡ್ಡ ರಕ್ತನಾಳ ತುಂಡಾದರೆ ಮನುಷ್ಯನಿಗೆ ಉಳಿಯುವುದು ಕೆಲವೇ ನಿಮಿಷ. ದೊಡ್ಡ ಚಿಕಿತ್ಸೆಗೆ ನಾವು ನೋಡುವುದು ಮಂಗಳೂರನ್ನು. ಅದು ಕಾಸರಗೋಡು ಪೇಟೆಯಿಂದಲೇ ಸುಮಾರು 50 ಕಿಲೋಮೀಟರ್. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ದೂರ ಎಂಥದ್ದೆಂದು ಇಡೀ ಜಿಲ್ಲೆಗೆ ತಿಳಿಯಿತು. ಆದ್ದರಿಂದ ಮೊದಲ ಚಿಕಿತ್ಸೆ ಮರದ ಬುಡದಲ್ಲೇ ಆಗಬೇಕು. ಗಾಯದ ಮೇಲೆ ಬಟ್ಟೆಯಿಟ್ಟು ಬಲವಾಗಿ ಒತ್ತಿ ಹಿಡಿಯುವ ಇನ್ನೊಬ್ಬ ಅಲ್ಲಿಯೇ ಇರಬೇಕು.

ಕಡೆಗೆ, ಕೆಲಸ ಕೊಡುವ ಪ್ರತಿಯೊಬ್ಬರಿಂದಲೂ ನಾವು ಕೇಳುವುದು ಇಷ್ಟು. ತೋಟದ ಯಜಮಾನರಿಗೂ, ಮರದ ವ್ಯಾಪಾರಿಗೂ, ಶಾಲೆ ದೇವಾಲಯ ಮಸೀದಿ ಇಗರ್ಜಿಗಳ ಆಡಳಿತದವರಿಗೂ ಇದು ಒಂದೇ.

1. ಕೂಲಿ ದಿನದ ಲೆಕ್ಕದಲ್ಲಿರಲಿ, ಮರದ ಲೆಕ್ಕದಲ್ಲಿ ಬೇಡ. ಮಳೆ ಗಾಳಿಗೆ ಕೆಲಸ ನಿಂತರೂ ಅರ್ಧ ಕೂಲಿಯಾದರೂ ಸಿಗಲಿ.

2. ಹೆಲ್ಮೆಟ್, ಮುಖದ ಜಾಲರಿ, ಕಿವಿಮುಚ್ಚಿಗೆ, ಕಾಲುರಕ್ಷೆ, ಗಟ್ಟಿ ಬೂಟು ಇಲ್ಲದೆ ಮೆಶಿನ್ ಶುರುವಾಗಬಾರದು. ಒಬ್ಬರಿಂದ ಆಗದಿದ್ದರೆ ಊರಿನ ಹತ್ತು ತೋಟದವರು ಸೇರಿ ಒಂದು ಜೊತೆ ತೆಗೆದಿಡಲಿ.

3. ಚೈನ್ ಬ್ರೇಕು ಹಿಡಿಯುತ್ತದೆಯೇ ಎಂದು ಪ್ರತಿ ಬೆಳಿಗ್ಗೆ ನೋಡಲಿ. ಮೆಶಿನನ್ನು ನೆಲದ ಮೇಲಿಟ್ಟು, ಬ್ರೇಕು ಹಾಕಿ, ಹಿಂದಿನ ಹಿಡಿಯನ್ನು ಕಾಲಿನಿಂದ ಒತ್ತಿ ಶುರುಮಾಡಲಿ. ಬಿಸಿ ಯಂತ್ರಕ್ಕೆ ಪೆಟ್ರೋಲು ಹೊಯ್ಯುವುದು ಬೇಡ.

4. ಎರಡೂ ಕೈ ಹಿಡಿಯ ಮೇಲೆ. ಹೆಗಲಿಗಿಂತ ಮೇಲೆ ಕೊಯ್ಯುವುದು, ಏಣಿಯ ಮೇಲೆ ನಿಂತು ಕೊಯ್ಯುವುದು ಬೇಡವೇ ಬೇಡ.

5. ಒಬ್ಬನೇ ಕೆಲಸಕ್ಕೆ ಹೋಗುವುದು ಬೇಡ. ಜೊತೆಗೊಬ್ಬನಿರಲಿ, ಅವನ ಕಿಸೆಯಲ್ಲಿ ದಪ್ಪ ಬ್ಯಾಂಡೇಜು ಇರಲಿ, 108ಕ್ಕೆ ಕರೆ ಮಾಡಲು ಫೋನು ಸಿಗ್ನಲ್ ಎಲ್ಲಿ ಸಿಗುತ್ತದೆಂದು ಮೊದಲೇ ಗೊತ್ತಿರಲಿ.

6. ಕರೆಂಟಿನ ತಂತಿ ಹತ್ತಿರವಿದ್ದರೆ 1912ಕ್ಕೆ ತಿಳಿಸಿ, ಲೈನು ಆಫ್ ಆದದ್ದು ಖಾತ್ರಿಯಾದ ಮೇಲೆಯೇ ಕೆಲಸ.

7. ಯಾರ ಕೆಲಸ, ಯಾವ ದಿನ, ಎಷ್ಟು ಕೂಲಿ ಎಂದು ಒಂದು ಚೀಟಿ ಬರೆದು ಸಹಿ ಹಾಕಿ ಕೂಲಿಗಾರನ ಕೈಗೆ ಕೊಡಿ.

ಇದರಲ್ಲಿ ಯಾವುದೂ ಅಸಾಧ್ಯವಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಅರಣ್ಯ ಕೆಲಸದ ಸುರಕ್ಷೆಗೆ ನಿಯಮಾವಳಿ ಹೊರತಂದದ್ದು 1998ರಲ್ಲಿ. ಅದು ಜಿನೀವಾದಿಂದ ನೆಕ್ರಾಜೆಗೆ ನಡೆದು ಬರಲಿ ಎಂದು ಕಾಯುತ್ತ ಕೂರುವ ಅಗತ್ಯವಿಲ್ಲ. ಮೆಶಿನ್ ಹಿಡಿಯುವ ಸಹೋದರರಿಗೂ ನಮ್ಮ ಒಂದು ಮಾತಿದೆ. ಒಬ್ಬನೇ ಇಲ್ಲವೆಂದರೆ ಕೆಲಸ ಇನ್ನೊಬ್ಬನಿಗೆ ಹೋಗುತ್ತದೆ. ಊರಿನ ಮೆಶಿನಿನವರೆಲ್ಲ ಒಂದಾಗಿ, ಈ ಏಳು ಷರತ್ತುಗಳಿಲ್ಲದೆ ಹಗ್ಗ ಎಳೆಯುವುದಿಲ್ಲ ಎಂದರೆ ಕೆಲಸ ಎಲ್ಲಿಗೂ ಹೋಗುವುದಿಲ್ಲ. ಮರ ಒಂದು ವಾರ ಹೆಚ್ಚು ನಿಂತಿದ್ದರೆ ಯಾರಿಗೂ ನಷ್ಟವಿಲ್ಲ.