ಹಿತ್ತಿಲ ಮಂಟಪ

'ಹಿತ್ತಿಲ ಗಿಡ ಮದ್ದಲ್ಲ' ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಈ ಗಾದೆಯನ್ನು ಅಮೆರಿಕದ ಗೃಹಸ್ಥನಿಗೆ ಅನುವಾದಿಸಿ ಹೇಳಿದರೆ ಅವನು ಒಪ್ಪುವುದು ಸಂದೇಹ. ಅವನ ಸಂಸಾರಸುಖವೆಲ್ಲ ಇರುವುದು ಹಿತ್ತಿಲಿನಲ್ಲಿಯೇ. ವಾರವೆಲ್ಲ ದುಡಿದು ಶನಿವಾರ ಬೆಳಗಾದೊಡನೆ ಅವನು ಹುಲ್ಲು ಕತ್ತರಿಸುವುದು ಅಲ್ಲಿ, ಒಲೆ ಹೊತ್ತಿಸಿ ಅಡಿಗೆ ಮಾಡುವುದು ಅಲ್ಲಿ, ಕೈಯಲ್ಲಿ ನಾಲ್ಕು ಕಾಸು ಕೂಡಿದರೆ ಮರದ ಹಲಗೆಯ ಜಗುಲಿ ಹಾಕಿಸಿ ಅದರ ಮೇಲೊಂದು ಮಂಟಪ ಕಟ್ಟಿಸುವುದೂ ಅಲ್ಲಿಯೇ. ಜಗುಲಿಗೆ ಅವರಲ್ಲಿ ಡೆಕ್ ಎಂದು ಹೆಸರು, ಮಂಟಪಕ್ಕೆ ಗಝೀಬೊ. ಈಚೆಗೆ ಆ ಮಂಟಪದೊಳಗೆ ದೂರದರ್ಶನದ ಪೆಟ್ಟಿಗೆಯೂ ಪ್ರತಿಷ್ಠಾಪನೆಗೊಳ್ಳುತ್ತಿದೆ.

ಗಝೀಬೊ ಎಂಬ ಶಬ್ದದ ಹುಟ್ಟು ವಿನೋದವಾದುದು. ಇಂಗ್ಲೆಂಡಿನ ವಿಲಿಯಂ ಮತ್ತು ಜಾನ್ ಹಾಫ್‌ಪೆನ್ನಿ ಎಂಬುವರ ಉದ್ಯಾನ ವಿನ್ಯಾಸದ ಪುಸ್ತಕದಲ್ಲಿ 1752ರಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಇಂಗ್ಲಿಷಿನ 'ದಿಟ್ಟಿಸು' ಎಂಬ ಧಾತುವಿಗೆ ಲ್ಯಾಟಿನ್ನಿನ ಭವಿಷ್ಯತ್ಕಾಲದ ಪ್ರತ್ಯಯವನ್ನು ತಮಾಷೆಗೆ ಅಂಟಿಸಿ 'ನೋಡುವೆನು' ಎಂಬರ್ಥದಲ್ಲಿ ಯಾರೋ ಮಾಡಿದ ಪದವಿರಬೇಕೆಂದು ಭಾಷಾಪಂಡಿತರು ಊಹಿಸುತ್ತಾರೆ. ಹಾಗಾದರೆ ಅದು ಕುಳಿತು ನೋಡುವುದಕ್ಕಾಗಿ ಕಟ್ಟಿದ ಮನೆ. ಶ್ರೀಮಂತನು ಅಲ್ಲಿ ಕುಳಿತು ತನ್ನ ತೋಟವನ್ನೂ ಕೆರೆಯನ್ನೂ ನೋಡುತ್ತಿದ್ದನು. ಈಗಿನವನು ಅಲ್ಲಿಯೇ ಕುಳಿತು ಗಾಜಿನ ಪರದೆಯನ್ನು ನೋಡುತ್ತಾನೆ. ಶಬ್ದಕ್ಕೇನೂ ಅಪಚಾರವಾಗಲಿಲ್ಲ.

ಹಿತ್ತಿಲಿಗೆ ಈ ವೈಭವ ಬಂದುದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಅದಕ್ಕೆ ಮುಂಚೆ ಅಮೆರಿಕದ ಮನೆಗಳಿಗೂ ಬೀದಿಯ ಕಡೆಗೆ ಮುಖಮಾಡಿದ ಜಗುಲಿ ಇರುತ್ತಿತ್ತು. ಸಂಜೆ ಸೆಕೆಗೆ ಜನ ಹೊರಗೆ ಕುಳಿತು ಹೋಗಿಬರುವವರನ್ನು ಮಾತನಾಡಿಸುತ್ತಿದ್ದರು. ಕಾರು ಬಂದು ನಡೆಯುವವರು ಕಡಿಮೆಯಾದರು. ತಂಪುಯಂತ್ರ ಬಂದು ಸೆಕೆ ಕಡಿಮೆಯಾಯಿತು. ದೂರದರ್ಶನ ಬಂದು ಮಾತು ಕಡಿಮೆಯಾಯಿತು. 1950ರಲ್ಲಿ ಅಲ್ಲಿನ ನೂರು ಮನೆಗಳಲ್ಲಿ ಸುಮಾರು 9ರಲ್ಲಿ ಮಾತ್ರ ಪೆಟ್ಟಿಗೆ ಇತ್ತು. 1960ರ ವೇಳೆಗೆ ಅದು 87ಕ್ಕೆ ಏರಿತು. ನ್ಯೂಯಾರ್ಕಿನ ಬಳಿ ಲಾಂಗ್ ಐಲೆಂಡಿನಲ್ಲಿ 1947ರಿಂದ ಎದ್ದ ಲೆವಿಟೌನ್ ಎಂಬ ಬಡಾವಣೆಯಲ್ಲಿ, 1950ರ ಮಾದರಿಯ ಮನೆಗಳಿಗೆ ದೂರದರ್ಶನವನ್ನು ಗೋಡೆಯಲ್ಲಿಯೇ ಕೂರಿಸಿ ಮಾರಿದರು. ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯದ ಉದ್ಯಾನಶಿಲ್ಪಿ ಥಾಮಸ್ ಚರ್ಚ್ ಸೊನೋಮದ ಡಾನೆಲ್ ಉದ್ಯಾನದಲ್ಲಿ ಮರದ ಜಗುಲಿ ಹಾಸಿ, ಬೆಳೆದು ನಿಂತಿದ್ದ ಓಕ್ ಮರಗಳನ್ನು ಕಡಿಯದೆ, ಹಲಗೆಯಲ್ಲಿ ರಂಧ್ರ ಬಿಟ್ಟು ಅವನ್ನು ಹಾಗೆಯೇ ಉಳಿಸಿದನು. ಹೀಗೆ ಬೀದಿಯ ಜಗುಲಿ ಬರಿದಾಯಿತು, ಹಿತ್ತಿಲ ಜಗುಲಿ ತುಂಬಿತು. ಬೀದಿಗೆ ಬೆನ್ನು, ಹಿತ್ತಿಲಿಗೆ ಮುಖ: ಅರ್ಧ ಶತಮಾನದ ಗೃಹನಿರ್ಮಾಣದ ಕಥೆ ಇಷ್ಟೇ.

ನ್ಯೂಜೆರ್ಸಿಯಲ್ಲಿ ನೆಲಸಿರುವ ಕನ್ನಡ ಇಂಜಿನಿಯರೊಬ್ಬರಿಗೂ 2024ರ ವಸಂತದಲ್ಲಿ ಈ ಆಸೆ ಹುಟ್ಟಿತು. ರಾಯಚೂರು ಜಿಲ್ಲೆಯಿಂದ ಅವರ ತಂದೆ ಬೇಸಗೆಗೆ ಬರುವವರಿದ್ದರು. ವಯಸ್ಸು ಎಪ್ಪತ್ಮೂರು, ನಿವೃತ್ತ ಶಾಲಾ ಮಾಸ್ತರು, ಎರಡು ವರ್ಷದ ಹಿಂದೆ ಪತ್ನಿಯನ್ನು ಕಳೆದುಕೊಂಡವರು. ಹಿಂದಿನ ಸಲ ಬಂದಾಗ ಮುಚ್ಚಿದ ಮನೆಯೊಳಗೆ ಕುಳಿತು ಕುಳಿತು ಬೇಸತ್ತು, ಆರು ತಿಂಗಳಿಗೆಂದು ಬಂದವರು ಎರಡೇ ತಿಂಗಳಿಗೆ ಹಿಂದಿರುಗಿದ್ದರು. ಈ ಸಲ ಜೂನ್ ತಿಂಗಳಲ್ಲಿ ಕ್ರಿಕೆಟ್ಟಿನ ವಿಶ್ವಕಪ್ಪೂ ಇತ್ತು. ಬಯಲ ಗಾಳಿಯಲ್ಲಿ ಕುಳಿತು ಆಟ ನೋಡಿದರೆ ತಂದೆಯ ಮನಸ್ಸು ನೆಲೆಗೊಂಡೀತೆಂದು ಮಗನ ಲೆಕ್ಕ.

ಲೆಕ್ಕ ಸುಲಭ, ಕೆಲಸ ಕಷ್ಟ. ಮೊದಲು ಪುರಸಭೆಯ ಅನುಮತಿ ಬೇಕು. ಬೇಲಿಯಿಂದ ಎಷ್ಟು ದೂರ ಬಿಡಬೇಕು, ಕಂಬ ಎಲ್ಲಿ ಬರುತ್ತದೆ ಎಂದೆಲ್ಲ ನಕ್ಷೆ ಬರೆದು ಕೊಡಬೇಕು. ನೆಲ ಅಗೆಯುವ ಮುನ್ನ 811 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ, ಭೂಮಿಯೊಳಗಿನ ಅನಿಲದ ಕೊಳವೆ, ವಿದ್ಯುತ್ತಿನ ತಂತಿಗಳು ಎಲ್ಲಿವೆಯೆಂದು ಗುರುತು ಹಾಕಿಹೋಗುತ್ತಾರೆ. 2007ರಿಂದ ದೇಶಕ್ಕೆಲ್ಲ ಈ ಒಂದೇ ಸಂಖ್ಯೆ. ಆಮೇಲೆ ಗುಂಡಿ. ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ, ಮೇಲುಮೇಲಿನ ಬುನಾದಿಯನ್ನು ಎತ್ತಿ ಹಾಕುತ್ತದೆ. ಆದುದರಿಂದ ಹಿಮ ಇಳಿಯುವ ಆಳಕ್ಕಿಂತ ಕೆಳಗೆ, ಆ ಸೀಮೆಯಲ್ಲಿ ಸುಮಾರು 3 ಅಡಿಗೆ, ಬುನಾದಿ ಹೋಗಬೇಕು. ಮಂಟಪದ ನಾಲ್ಕು ಕಂಬಗಳನ್ನು ಬರಿಯ ಹಲಗೆಯ ಮೇಲೆ ನಿಲ್ಲಿಸಿ ತಿರುಪು ಬಿಗಿಯುವವರುಂಟು. ಒಂದು ಬಿರುಗಾಳಿ ಬಂದರೆ ಮಾಡು ಕೊಡೆಯಂತೆ ಹಾರುತ್ತದೆ. ಒಂದೊಂದು ಕಂಬಕ್ಕೂ ಅದರದೇ ಬುನಾದಿ, ಅದರದೇ ಕಬ್ಬಿಣದ ಕೊಂಡಿ ಇರಬೇಕು.

ಜಗುಲಿಯನ್ನು ಮನೆಯ ಗೋಡೆಗೆ ಮೊಳೆಹೊಡೆದು ನಿಲ್ಲಿಸೋಣವೆಂದು ಇಂಜಿನಿಯರು ಮೊದಲು ಯೋಚಿಸಿದ್ದರು. ಅಮೆರಿಕದಲ್ಲಿ ಜನರ ಸಮೇತ ಕುಸಿದ ಜಗುಲಿಗಳಲ್ಲಿ ಬಹಳಷ್ಟು, ಹೀಗೆ ಗೋಡೆಯ ಪಟ್ಟಿಯನ್ನು ಬರಿಯ ಮೊಳೆಯಿಂದ ಹಿಡಿಸಿದವು ಎಂಬುದನ್ನು ಓದಿದ ಮೇಲೆ ಆ ಯೋಚನೆ ಬಿಟ್ಟರು. ಮನೆಗೆ ಅಂಟದೆ ತನ್ನ ಕಾಲಮೇಲೆ ತಾನು ನಿಲ್ಲುವ ಜಗುಲಿಯೇ ನಿಶ್ಚಯವಾಯಿತು. ಎತ್ತರ ಒಂದೂವರೆ ಅಡಿ. 30 ಅಂಗುಲ ಮೀರಿದರೆ 36 ಅಂಗುಲದ ಕಟಕಟೆ ಕಡ್ಡಾಯ. ಇದಕ್ಕೆ ಬೇಡವಾದರೂ ವೃದ್ಧರ ಸಲುವಾಗಿ ಮೆಟ್ಟಿಲಿಗೊಂದು ಹಿಡಿಕೆ ಇಟ್ಟರು. ಜಂತೆಗಳು 16 ಅಂಗುಲಕ್ಕೊಂದರಂತೆ ಕೂತವು. ಗೆದ್ದಲು, ಬೂಸುಗಳು ಹತ್ತದಂತೆ ತಾಮ್ರದ ಲವಣ ಕುಡಿಸಿದ ಮರವದು. ಆ ತಾಮ್ರ ಸಾಮಾನ್ಯ ಮೊಳೆಯನ್ನು ತಿಂದುಬಿಡುವುದರಿಂದ ಸತು ಪೂಸಿದ ಮೊಳೆಗಳನ್ನೇ ತರಬೇಕಾಯಿತು.

ಪುರಸಭೆಯ ಪರಿವೀಕ್ಷಕನು ಗುಂಡಿಗಳನ್ನು ಅಳೆಯುವವರೆಗೂ ಕಾಂಕ್ರೀಟು ಸುರಿಯುವಂತಿಲ್ಲ. ಅವನು ಬರುವುದು ಒಂದು ವಾರ ತಡವಾಯಿತು. ಬಂದವನು ಅಳೆದು, ಒಂದು ಗುಂಡಿ ಎರಡಂಗುಲ ಸಾಲದು ಎಂದು ಹೇಳಿ ಹೊರಟುಹೋದನು. ಮಗ ಕಿಡಿಕಿಡಿಯಾದರು. ಅಷ್ಟರಲ್ಲಿ ಬಂದಿದ್ದ ಮಾಸ್ತರು ಮಾತ್ರ, "ಅಳದು ನೋಡಾಂವ ಒಬ್ಬ ಇದ್ದರ ಚಲೋನs ಅಲ್ಲೇನಪ್ಪಾ," ಎಂದು ಸನಿಕೆ ಹಿಡಿದು ತಾವೇ ಗುಂಡಿಗೆ ಇಳಿಯುವುದಕ್ಕೆ ಹೊರಟರು. ಇದರಿಂದಾಗಿ ಜೂನ್ 9ರಂದು ಭಾರತ–ಪಾಕಿಸ್ತಾನಗಳ ಪಂದ್ಯವನ್ನು ಮನೆಯೊಳಗೇ ನೋಡಬೇಕಾಯಿತು. ಆ ಪಂದ್ಯ ನಡೆದ ಈಸ್ಟ್ ಮೆಡೋ ಊರು ಲೆವಿಟೌನಿನ ನೆರೆಯದೇ.

ಮಂಟಪ ಎದ್ದ ಮೇಲೆ ಪೆಟ್ಟಿಗೆಯ ಪ್ರಶ್ನೆ ಬಂತು. ಮನೆಯೊಳಗಿನ ದೂರದರ್ಶನ ಹಗಲಿನ ಬಯಲಿನಲ್ಲಿ ಮಂಕಾಗಿ ಕನ್ನಡಿಯಂತೆ ನೋಡುವವರ ಮುಖವನ್ನೇ ತೋರಿಸುತ್ತದೆ; ತೇವ, ಧೂಳು, ಹುಳುಗಳಿಗೆ ಬೇಗ ಕೆಡುತ್ತದೆ. ಹೊರಗಿನದೇ ಬೇರೆ ಉಂಟು, ಬೆಳಕು ಹೆಚ್ಚು, ಬೆಲೆ ಇನ್ನೂ ಹೆಚ್ಚು. ತಂತಿಯನ್ನು 18 ಅಂಗುಲ ಆಳದಲ್ಲಿ ಕೊಳವೆಯೊಳಗೆ ತಂದು, ಮನುಷ್ಯನ ಮೈಮೂಲಕ ವಿದ್ಯುತ್ತು ನೆಲಕ್ಕೆ ಸೋರಿದ ಕ್ಷಣವೇ ಪ್ರವಾಹವನ್ನು ಕಡಿಯುವ ಸ್ವಿಚ್ಚನ್ನು ಅದಕ್ಕೆ ಜೋಡಿಸಿದರು. ಸಹಸ್ರಾಂಶದ ಲೆಕ್ಕದಲ್ಲಿ ಆಂಪಿಯರಿನ ಐದು ಪಾಲು ಸೋರಿದರೂ ಸಾಕು, ಅದು ಎಚ್ಚರಗೊಳ್ಳುತ್ತದೆ. ಬಯಲಿನಲ್ಲಿ, ಒದ್ದೆಯ ಕಾಲಿನಲ್ಲಿ ನಿಲ್ಲುವವರಿಗೆ ಇದಕ್ಕಿಂತ ದೊಡ್ಡ ರಕ್ಷೆ ಇಲ್ಲ.

ಪೆಟ್ಟಿಗೆಯನ್ನು ಪಶ್ಚಿಮದ ಕಂಬಗಳ ನಡುವೆ ಪೂರ್ವಾಭಿಮುಖವಾಗಿ ತೂಗಹಾಕುವುದೆಂದು ಮಗನ ನಕ್ಷೆಯಲ್ಲಿತ್ತು. ಪೂರ್ವಕ್ಕೆ ನೆರೆಮನೆ. ಅಲ್ಲಿ ಎಂಬತ್ತರ ವೃದ್ಧೆಯೊಬ್ಬಳೇ ಇದ್ದಳು. ಪರದೆಯ ಬೆಳಕು ಆಕೆಯ ಮಲಗುವ ಕೋಣೆಗೆ ಬೀಳದಂತೆಯೂ, ಬೆಳಗಿನ ಬಿಸಿಲು ಪರದೆಗೆ ಬೀಳದಂತೆಯೂ ಆ ಕಡೆಗೆ ಆರಡಿಯ ಮರದ ಜಾಲಂಧ್ರವನ್ನು ನಿಲ್ಲಿಸುವುದೆಂದು ಏರ್ಪಾಡು. ಜಾಲಂಧ್ರ ಬಂದು ಹುಲ್ಲಿನ ಮೇಲೆ ಮಲಗಿತ್ತು.

"ಈ ಜಾಳಿಗಿ ಯಾಕಪ್ಪಾ?" ಎಂದರು ಮಾಸ್ತರು.

"ಆ ಕಡಿ ಮನಿಯವರಿಗೆ ತ್ರಾಸ ಆಗಬಾರದಂತ, ಅಪ್ಪಾ."

"ತ್ರಾಸ ಆಗ್ತದಂತ ಆಕಿ ಹೇಳ್ಯಾಳೇನು?"

"ಇಲ್ಲ. ಕೇಳಿಲ್ಲ. ಇಲ್ಲಿ ಯಾರೂ ಕೇಳೂದಿಲ್ಲ. ಗ್ವಾಡಿ ಹಾಕಿಬಿಡ್ತಾರ."

ಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರು ಹೇಳಿದ ಸಂಗತಿಯನ್ನು ಮಗ ಅದುವರೆಗೆ ಕೇಳಿರಲಿಲ್ಲ.

1975ರ ಆಗಸ್ಟ್ ಒಂದನೆಯ ತಾರೀಖಿನಿಂದ ಒಂದು ವರ್ಷ, ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಭಾರತಕ್ಕೆ ಎರವಲು ಕೊಟ್ಟಿದ್ದರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ದೂರದರ್ಶನ ಬರುತ್ತಿತ್ತು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳಿಗೆ ಆ ಭಾಗ್ಯ ದೊರೆತಿತ್ತು. ಕೋಳಿಬೋನಿನ ಜಾಲರಿಯಿಂದ ಮಾಡಿದ ಹತ್ತಡಿಯ ತಟ್ಟೆ ಶಾಲೆಯ ಮಾಡಿನ ಪಕ್ಕದಲ್ಲಿ ಆಕಾಶಕ್ಕೆ ಬಾಯಿತೆರೆದು ನಿಂತಿತು. ಬೆಳಿಗ್ಗೆ ಮಕ್ಕಳ ಪಾಠ. ಸಂಜೆ ಬೇಸಾಯ, ಆರೋಗ್ಯ, ಹಾಡು, ನಾಟಕ. ಪೆಟ್ಟಿಗೆಯ ಕೀಲಿಕೈ ಇಪ್ಪತ್ತನಾಲ್ಕು ವರ್ಷದ ಹೊಸ ಮಾಸ್ತರರ ಜೇಬಿನಲ್ಲಿತ್ತು.

"ಪೆಟ್ಟಿಗಿ ಸಾಲಿ ಪಡಸಾಲಿ ಒಳಗ ಇಟ್ಟಿದ್ದೆ. ಊರಾಗಿನವರು ಒಳಗ ಕೂಡತಿದ್ದರು. ಊರ ಹೊರಗಿನ ಕೇರಿ ಮಕ್ಕಳು ಬೇವಿನ ಗಿಡದ ಆಚಿ ನಿಂದರತಿದ್ದರು. ಅಲ್ಲಿಂದ ಏನು ಕಾಣಬೇಕು? ಬರೀ ಬೆಳಕು. ಬರ್ರಿ ಅಂತ ಕರೀಬೇಕಂತ ದಿನಾ ಅನಸ್ತಿತ್ತು. ಗೌಡರು ಏನಂತಾರೋ ಅಂತ ಅಂಜಿ ಮೂರು ತಿಂಗಳು ಸುಮ್ಮನಿದ್ದೆ."

"ಆಮ್ಯಾಲ?"

"ದೀಪಾವಳಿ ಆದಮ್ಯಾಲ ಒಂದಿನ ಮೇಜು ಹೊರಗ ಎಳದು, ಪೆಟ್ಟಿಗಿ ಅಂಗಳದ ಕಡಿ ಹೊಳ್ಳಿಸಿಟ್ಟೆ. ಒಳಗ ಸೆಕಿ, ಜನ ಹಿಡಸೂದಿಲ್ಲ ಅಂದೆ. ಯಾರೂ ಏನೂ ಅನಲಿಲ್ಲ. ನಾನs ಸುಳ್ಳ ಅಂಜಿದ್ದೆ. ಎಲ್ಲಾರೂ ತಮ್ಮ ತಮ್ಮ ಕಂಬಳಿ, ಗೋಣಿಚೀಲ ತಂದು ಅಂಗಳದಾಗ ಹಾಸಿ ಕೂತರು. ಮರುವರ್ಷ ಜುಲೈಕ್ಕ ಉಪಗ್ರಹ ಹೋತು, ಆಟ ಮುಗೀತು. ಇದ್ದದ್ದೇ ಒಂದು ವರ್ಷ, ಅದರಾಗ ಆ ಮಕ್ಕಳ ಮೂರು ತಿಂಗಳು ನಾ ತಿಂದೆ. ಅದು ಇನ್ನೂ ನನ್ನ ಲೆಕ್ಕದಾಗ ಐತಿ."

ಮಗ ಮಾತನಾಡಲಿಲ್ಲ. ಆದರೆ ಸಂಜೆ ನಕ್ಷೆಯನ್ನು ಮತ್ತೆ ಬಿಡಿಸಿ ನೋಡಿದರು. ಪರದೆಯನ್ನು ದಕ್ಷಿಣದ ಕಡೆ ತೂಗಿ ಉತ್ತರಾಭಿಮುಖ ಮಾಡಿದರೆ, ಭೂಮಿಯ ಉತ್ತರಾರ್ಧದಲ್ಲಿ ಬಿಸಿಲು ಬಹುಮಟ್ಟಿಗೆ ಅದರ ಬೆನ್ನಿಗೇ ಬೀಳುತ್ತದೆ. ಬೆಳಕು ತಮ್ಮ ಮನೆಯ ಕಡೆಗೇ ಬರುತ್ತದೆ, ನೆರೆಯ ಕಿಟಕಿಗೆ ಹೋಗುವುದಿಲ್ಲ. ಎರಡು ಕಾರಣಕ್ಕೆ ತಂದ ಜಾಲಂಧ್ರಕ್ಕೆ ಈಗ ಒಂದು ಕಾರಣವೂ ಉಳಿಯಲಿಲ್ಲ. ಇಂಜಿನಿಯರಿಗೆ ಮೊದಲೇ ತಿಳಿಯಬೇಕಾಗಿದ್ದ ವಿಷಯ. ನೋಡಬಾರದೆಂದು ಮುಚ್ಚುವ ಆತುರದಲ್ಲಿ ದಿಕ್ಕು ನೋಡುವುದು ಮರೆತುಹೋಗಿತ್ತು. ಜಾಲಂಧ್ರ ಅಂಗಡಿಗೆ ಹಿಂದಿರುಗಿತು. ಪೂರ್ವದ ಕಡೆಗೆ ಎರಡು ಮೆಟ್ಟಿಲು ಬಂದವು.

ಜೂನ್ 29ರ ಶನಿವಾರ ಬಾರ್ಬಡೋಸಿನ ಬ್ರಿಜ್‌ಟೌನಿನಲ್ಲಿ ಅಂತಿಮ ಪಂದ್ಯ. ಅಲ್ಲಿನ ಗಡಿಯಾರದಲ್ಲಿಯೂ ನ್ಯೂಜೆರ್ಸಿಯ ಗಡಿಯಾರದಲ್ಲಿಯೂ ಬೆಳಿಗ್ಗೆ ಹತ್ತೂವರೆ. ಮಾಸ್ತರು ಬೇಲಿಯ ಬಳಿಗೆ ಹೋಗಿ, ತಮ್ಮ ಶಾಲೆಯ ಇಂಗ್ಲಿಷಿನಲ್ಲಿ ನೆರೆಯಾಕೆಯನ್ನು ಕರೆದರು. ಆಕೆ ಬರುವಾಗ ಮಡಿಸುವ ಕುರ್ಚಿಯೊಂದನ್ನು ಕೈಯಲ್ಲಿ ಹಿಡಿದೇ ಬಂದಳು. ಮನೆಯಲ್ಲಿ ಕುರ್ಚಿ ಇದೆಯಲ್ಲ ಎಂದು ಸೊಸೆ ಸಂಕೋಚಪಟ್ಟಳು. ಅದಕ್ಕೆ ಆ ವೃದ್ಧೆ ಹೇಳಿದ ಉತ್ತರ ಇದು: ತನಗೆ ಆರು ವರ್ಷವಾಗಿದ್ದಾಗ ತಮ್ಮ ಬೀದಿಗೆಲ್ಲ ಒಂದೇ ದೂರದರ್ಶನವಿತ್ತು, ಸಂಜೆ ಆ ಮನೆಗೆ ಹೋಗುವಾಗ ಪ್ರತಿಯೊಬ್ಬರೂ ತಮ್ಮ ಕುರ್ಚಿಯನ್ನು ತಾವೇ ಕೊಂಡೊಯ್ಯಬೇಕಾಗಿತ್ತು, ಮತ್ತೊಬ್ಬರ ಮನೆಯಲ್ಲಿ ಆಟ ನೋಡುವುದಕ್ಕೆ ಕರೆ ಬಂದುದು ಆಮೇಲೆ ಇದೇ ಮೊದಲು.

ಮಾಸ್ತರು ಗೋಣಿಚೀಲದ ಕಥೆ ಹೇಳಿದರು. ಇಬ್ಬರಿಗೂ ಪರಸ್ಪರರ ಇಂಗ್ಲಿಷು ಅರ್ಧಕ್ಕರ್ಧ ತಿಳಿಯಲಿಲ್ಲ. ಕಥೆ ಮಾತ್ರ ಪೂರ್ತಿ ತಿಳಿಯಿತು. ಭಾರತ 176 ಓಟ ಮಾಡಿತು. ಕೊನೆಯ ಓವರಿಗೆ ದಕ್ಷಿಣ ಆಫ್ರಿಕಕ್ಕೆ 16 ಬೇಕಾಗಿದ್ದಾಗ ಮಿಲ್ಲರ್ ಎತ್ತಿ ಹೊಡೆದ ಚೆಂಡನ್ನು ಸೂರ್ಯಕುಮಾರ್ ಗಡಿಯ ಹಗ್ಗದ ಅಂಚಿನಲ್ಲಿ ಹಿಡಿದು, ಹೊರಕ್ಕೆ ಕಾಲಿಡುವ ಮುನ್ನ ಮೇಲಕ್ಕೆ ಎಸೆದು, ಒಳಬಂದು ಮತ್ತೆ ಹಿಡಿದನು. ಕಾಲು ಹಗ್ಗಕ್ಕೆ ತಗುಲಿದ್ದರೆ ಏನಾಗುತ್ತಿತ್ತೆಂದು ಆಕೆ ಕೇಳಿದಳು. ಮಾಸ್ತರು ಎದ್ದು ಹಲಗೆಯ ಅಂಚಿನಲ್ಲಿ ನಿಂತು ನಿಯಮವನ್ನು ಅಭಿನಯಿಸಿ ತೋರಿಸಿದರು. ಏಳು ಓಟಗಳಿಂದ ಭಾರತ ಗೆದ್ದಿತು. ಗದ್ದಲ ಕೇಳಿ ಆಚೆಮನೆಯ ಇಬ್ಬರು ಹುಡುಗರೂ ಬೇಲಿಯ ಮೇಲೆ ತಲೆಯೆತ್ತಿದರು. ಅವರನ್ನೂ ಮಾಸ್ತರೇ ಕರೆದರು. ಈ ಸಲ ತಡಮಾಡಲಿಲ್ಲ.

ಮಂಟಪಕ್ಕೆ ಒಟ್ಟು ಎಷ್ಟು ಖರ್ಚಾಯಿತೆಂಬ ಪಟ್ಟಿ ಇಂಜಿನಿಯರರ ಕಪಾಟಿನಲ್ಲಿದೆ. ಮರ, ಮೊಳೆ, ಕಾಂಕ್ರೀಟು, ತಂತಿ, ಪೆಟ್ಟಿಗೆ ಎಲ್ಲವೂ ಅದರಲ್ಲಿ ಉಂಟು. ಜಾಲಂಧ್ರದ ಬಾಬು ಮಾತ್ರ ಹೊಡೆದುಹಾಕಿದೆ. ಮಾಸ್ತರು ಆ ಸಲ ಆರು ತಿಂಗಳು ಪೂರ್ತಿ ನಿಂತರು. ಅವರು ಊರಿಗೆ ಹೊರಟಾಗ ಚಳಿ ಬಿದ್ದಿತ್ತು. ಮಂಟಪದಲ್ಲಿ ಕೂರುವ ಕಾಲ ಮುಗಿದಿತ್ತು. ಆದರೂ ನೆರೆಯಾಕೆಯ ಮಡಿಸುವ ಕುರ್ಚಿ ಅಲ್ಲಿಯೇ ಕಂಬಕ್ಕೆ ಒರಗಿ ನಿಂತಿತ್ತು. ಅದನ್ನು ಆಕೆ ಒಯ್ಯಲಿಲ್ಲ, ಇವರೂ ಕೊಡಲಿಲ್ಲ.