‘ನೀವು ಯಾರಾಗಬೇಕು?’ ಎನ್ನುವ ಮುನ್ನ



ರೇ ಯೆಂಗ್ ನಿರ್ದೇಶಿಸಿದ ‘ಸುಕ್ ಸುಕ್’ (2019) ಎಂಬ ಹಾಂಗ್‌ಕಾಂಗ್ ಚಿತ್ರವನ್ನು ಒಮ್ಮೆ ನೋಡಿ. ಆಗುವುದಾದರೆ ಮನೆಯ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಲ್ಲಿನ ಕ್ಯಾಂಟನೀಸ್ ಮಾತಿನಲ್ಲಿ ‘ಸುಕ್ ಸುಕ್’ ಅಂದರೆ ಚಿಕ್ಕಪ್ಪ. ನಾವು ಗುರುತಿಲ್ಲದವರನ್ನೂ ‘ಅಂಕಲ್’ ಎನ್ನುವ ಹಾಗೆ ಅವರೂ ಬಳಸುವ ಪದ.

ಚಿತ್ರದ ಪಾಕ್‌ಗೆ 70 ವರ್ಷ. ಇನ್ನೂ ಟ್ಯಾಕ್ಸಿ ಓಡಿಸುತ್ತಾನೆ. ಹೆಂಡತಿ, ಮಕ್ಕಳು, ಮೊಮ್ಮಗಳು ಇದ್ದಾರೆ. 65ರ ಹೋಯ್ ಒಂಟಿಯಾಗಿ ಮಗನನ್ನು ಸಾಕಿ ಬೆಳೆಸಿದವನು, ದೈವಭಕ್ತ. ಇಬ್ಬರೂ ಸಂಸಾರದ ಋಣವನ್ನೆಲ್ಲ ತೀರಿಸಿದ ಮೇಲೆ ಒಬ್ಬರಿಗೊಬ್ಬರು ಸಿಗುತ್ತಾರೆ. ಗಂಡಸರಿಬ್ಬರ ಕೂಡುವಿಕೆ ಹಾಂಗ್‌ಕಾಂಗಿನಲ್ಲಿ 1991ರವರೆಗೆ ಅಪರಾಧವಾಗಿತ್ತು. ಇವರ ಹರೆಯವೆಲ್ಲ ಆ ಕಾನೂನಿನಡಿಯೇ ಸವೆದಿದೆ. ಬಚ್ಚಿಟ್ಟ ಬದುಕಿಗೆ ಬೆಲೆ ತೆತ್ತವರಲ್ಲಿ ಪಾಕ್‌ನ ಹೆಂಡತಿಯೂ ಇದ್ದಾಳೆ. ಚಿತ್ರ ಅವಳ ಮೌನವನ್ನೂ ಮರೆಯುವುದಿಲ್ಲ.

ಸಲಿಂಗಪ್ರೇಮಿ ಹಿರಿಯರಿಗೆಂದೇ ಒಂದು ವೃದ್ಧಾಶ್ರಮ ಬೇಕೆಂಬ ಬೇಡಿಕೆ ಚಿತ್ರದಲ್ಲಿ ಬರುತ್ತದೆ. ಆದರೆ ಕೇಳಬೇಕೆಂದರೆ ಜನರೆದುರು ನಿಲ್ಲಬೇಕು, ಆಯುಸ್ಸಿಡೀ ಮರೆಸಿದ ಮುಖವನ್ನು ತೋರಿಸಬೇಕು. ಆ ಹಿಂಜರಿಕೆ ಕಂಡಾಗ ನನಗೆ ನಮ್ಮವರೇ ನೆನಪಾದರು.

ನಮ್ಮಲ್ಲಿ ಸಲಿಂಗಪ್ರೇಮಿಗಳಿಗೆ ಅಪರಾಧಿಯೆಂಬ ಹಣೆಪಟ್ಟಿ ಕಳಚಿದ್ದು 2018ರ ಸೆಪ್ಟೆಂಬರ್ 6ರಂದು. ಅಷ್ಟರಲ್ಲಿ ಎಷ್ಟೋ ಜನರ ತಲೆ ನರೆತಿತ್ತು. ಮದುವೆಯ ಹಕ್ಕನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಒಪ್ಪಲಿಲ್ಲ. ಆದರೂ ಇಂಥ ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಜೊತೆಯಾಗಿ ಬದುಕುತ್ತಿರುವ ಹಿರಿಯರೇ, ನಾಳೆಗೆಂದು ಮುಂದೂಡದೆ ಬ್ಯಾಂಕಿನ ಫಾರಂ ತುಂಬಿಬಿಡಿ. ಕೌಂಟರಿನಲ್ಲಿ ಕೂತವರೇ, ಹುಬ್ಬೇರಿಸದೆ ಅದನ್ನು ತೆಗೆದುಕೊಳ್ಳಿ.

ಮಿಕ್ಕವರಲ್ಲಿ ನನ್ನ ಬೇಡಿಕೆ ಇನ್ನೂ ಚಿಕ್ಕದು. ಮದುವೆಯಾಗದೇ ಉಳಿದ ಒಬ್ಬ ಚಿಕ್ಕಪ್ಪ, ಅವರನ್ನು ಕಾಣಲು ತಪ್ಪದೆ ಬರುವ ಒಬ್ಬ ಸ್ನೇಹಿತ: ಇಂಥ ಜೋಡಿ ನಿಮ್ಮ ಬಳಗದಲ್ಲೂ ಇರಬಹುದು. ಬರೀ ಗೆಳೆಯರೇ ಇರಬಹುದು, ಅದಕ್ಕಿಂತ ಹೆಚ್ಚೂ ಇರಬಹುದು; ಕೆದಕಬೇಡಿ. ಚಿಕ್ಕಪ್ಪ ಆಸ್ಪತ್ರೆ ಸೇರಿದ ದಿನ ಆ ಸ್ನೇಹಿತ ಹಣ್ಣಿನ ಚೀಲ ಹಿಡಿದು ವಾರ್ಡಿನ ಬಾಗಿಲಲ್ಲೇ ನಿಂತಿದ್ದರೆ, ‘ನೀವು ಯಾರಾಗಬೇಕು?’ ಎಂಬ ಪ್ರಶ್ನೆ ಬಾಯಿಗೆ ಬಂದೀತು. ನುಂಗಿಕೊಳ್ಳಿ. ಮಂಚದ ಪಕ್ಕಕ್ಕೆ ಕುರ್ಚಿ ಎಳೆದು, ‘ಕೂತ್ಕೊಳ್ಳಿ, ನಾನು ಕಾಫಿ ತರ್ತೀನಿ’ ಎಂದು ಹೊರಗೆ ಬನ್ನಿ. ತುಸು ತಡವಾಗಿಯೇ ಹಿಂತಿರುಗಿ.