ವಿಡಿಯೊ ವೈರಲ್ ಆದರೆ ಡಾಕ್ಟರ್ ಲೈಸೆನ್ಸ್ ರದ್ದಾಗುತ್ತದೆಯೇ? ವಿಚಾರಣೆಯಲ್ಲಿ ಯಾವ ಸಾಕ್ಷ್ಯ ನಿಲ್ಲುತ್ತದೆ?

"ಡಾಕ್ಟರ್ ನಿರ್ಲಕ್ಷ್ಯದಿಂದ ರೋಗಿ ಸಾವು. ಲೈಸೆನ್ಸ್ ರದ್ದಾಗುವವರೆಗೂ ಶೇರ್ ಮಾಡಿ." ಇಂಥದೊಂದು ಸಂದೇಶ, ಜೊತೆಗೆ ಆಸ್ಪತ್ರೆಯ ಮುಂದೆ ಅಳುತ್ತಿರುವವರ ವಿಡಿಯೊ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಬಡಾವಣೆ ಗ್ರೂಪ್‌ಗಳಲ್ಲಿ ಇರುವವರಿಗೆ ಇದು ಹೊಸದಲ್ಲ. ಆದರೆ ಶೇರ್‌ಗಳ ಸಂಖ್ಯೆ ನೋಡಿ ಯಾರ ಲೈಸೆನ್ಸೂ ರದ್ದಾಗುವುದಿಲ್ಲ. ಹಾಗಾದರೆ ಯಾವುದನ್ನು ನೋಡುತ್ತಾರೆ?

ವಿಚಾರಣೆ ಮಾಡುವವರು ಯಾರು?

ನಾವು ಲೈಸೆನ್ಸ್ ಎನ್ನುವುದು ನಿಜವಾಗಿ ವೈದ್ಯರ ನೋಂದಣಿ. ನಮ್ಮ ರಾಜ್ಯದಲ್ಲಿ ಅಲೋಪತಿ ವೈದ್ಯರ ನೋಂದಣಿ ಪಟ್ಟಿ ಇರುವುದು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಬಳಿ. ವೈದ್ಯರ ನಡತೆಗೆ ಸಂಬಂಧಿಸಿದ 2002ರ ನಿಯಮಾವಳಿಯಂತೆ ಪರಿಷತ್ತು ದೂರನ್ನು ವಿಚಾರಿಸುತ್ತದೆ. ತಪ್ಪು ಸಾಬೀತಾದರೆ ಎಚ್ಚರಿಕೆ ಕೊಡಬಹುದು, ಇಷ್ಟು ಕಾಲ ಎಂದು ಅಥವಾ ಶಾಶ್ವತವಾಗಿ ಹೆಸರನ್ನು ಪಟ್ಟಿಯಿಂದ ತೆಗೆಯಬಹುದು. ಅದಕ್ಕೂ ಮೊದಲು ವೈದ್ಯರ ಮಾತನ್ನು ಕೇಳಲೇಬೇಕು.

ಪರಿಷತ್ತು ಪರಿಹಾರದ ಹಣ ಕೊಡಿಸುವುದಿಲ್ಲ. ಅದಕ್ಕೆ ಗ್ರಾಹಕರ ಆಯೋಗಕ್ಕೆ ಹೋಗಬೇಕು, ಅದೂ 2 ವರ್ಷದೊಳಗೆ. ಖಾಸಗಿ ಆಸ್ಪತ್ರೆಯ ಮೇಲಿನ ದೂರಿಗೆ ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಜಿಲ್ಲಾ ಪ್ರಾಧಿಕಾರವಿದೆ.

"ರೋಗಿ ಸತ್ತಿದ್ದೇ ಸಾಕ್ಷಿ" ಅಲ್ಲವೇ?

ಅಲ್ಲ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಚಿಕಿತ್ಸೆ ಫಲಿಸಲಿಲ್ಲ ಎಂದ ಮಾತ್ರಕ್ಕೆ ಅದು ನಿರ್ಲಕ್ಷ್ಯವಲ್ಲ. ಅದೇ ತರಬೇತಿ ಇರುವ ಸಾಮಾನ್ಯ ವೈದ್ಯರು ತೋರಬೇಕಾದ ಎಚ್ಚರಿಕೆಯನ್ನು ಇವರು ತೋರಿದರೇ ಎಂಬುದೇ ಪ್ರಶ್ನೆ.

ಆ ಪ್ರಕರಣ ಲುಧಿಯಾನದ್ದು. ಉಸಿರಾಟದ ತೊಂದರೆಯಾಗಿದ್ದ ಕ್ಯಾನ್ಸರ್ ರೋಗಿಗೆ ತಂದ ಆಕ್ಸಿಜನ್ ಸಿಲಿಂಡರ್ ಖಾಲಿಯಾಗಿತ್ತು, ರೋಗಿ ತೀರಿಕೊಂಡರು. ಸಿಲಿಂಡರ್ ಇಲ್ಲದ್ದಕ್ಕೆ ಆಸ್ಪತ್ರೆ ಹೊಣೆಯಾಗಬಹುದು, ಆದರೆ ಅದಕ್ಕಾಗಿ ವೈದ್ಯರ ಮೇಲೆ ಕ್ರಿಮಿನಲ್ ಕೇಸ್ ನಿಲ್ಲುವುದಿಲ್ಲ ಎಂದಿತು ಕೋರ್ಟ್. ತಪ್ಪು ನಡೆದಿದೆ ಎನ್ನುವುದು ಬೇರೆ, ಅದು ಯಾರ ತಪ್ಪು ಎನ್ನುವುದು ಬೇರೆ. ಫಾರ್ವರ್ಡ್‌ಗಳಲ್ಲಿ ಇವೆರಡೂ ಒಂದೇ ಆಗಿಬಿಡುತ್ತವೆ.

ತೂಕವಿರುವ ಸಾಕ್ಷ್ಯಗಳು

ಮೊದಲನೆಯದು ಕೇಸ್ ಶೀಟ್. ರೋಗಿಯನ್ನು ಎಷ್ಟು ಗಂಟೆಗೆ ನೋಡಿದರು, ಬಿಪಿ ಎಷ್ಟಿತ್ತು, ಯಾವ ಔಷಧ ಯಾವಾಗ ಕೊಟ್ಟರು, ಹಿರಿಯ ವೈದ್ಯರನ್ನು ಯಾವಾಗ ಕರೆದರು ಎಂಬುದೆಲ್ಲ ಅದರಲ್ಲಿರುತ್ತದೆ. ನರ್ಸ್‌ಗಳ ಟಿಪ್ಪಣಿ, ಲ್ಯಾಬ್ ವರದಿ, ಔಷಧದ ಬಿಲ್ಲುಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿದಾಗ ತಾಳೆಯಾಗದ ಸಮಯ, ತಿದ್ದಿದ ಸಾಲು ಎದ್ದು ಕಾಣುತ್ತವೆ.

ಎರಡನೆಯದು ಒಪ್ಪಿಗೆ ಪತ್ರ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಲ್ಯಾಪರೊಸ್ಕೋಪಿಗೆ ಒಪ್ಪಿದ್ದ ಮಹಿಳೆಯ ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಯಲಾಗಿತ್ತು. ಆಕೆ ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದಿದ್ದರು. ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದಾಗ ಆ ಒಪ್ಪಿಗೆ ಸಾಲದು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಮೂರನೆಯದು ಅದೇ ವಿಭಾಗದ ತಜ್ಞರ ಅಭಿಪ್ರಾಯ. ಸಾವಿನ ಕಾರಣದ ಬಗ್ಗೆಯೇ ತಕರಾರಿದ್ದರೆ ಮರಣೋತ್ತರ ಪರೀಕ್ಷೆಯ ವರದಿ ಬೇಕಾಗುತ್ತದೆ. ದುಃಖದಲ್ಲಿರುವ ಮನೆಯವರಿಗೆ ಇದು ಕಷ್ಟದ ಮಾತು. ಆದರೆ ಅಂತ್ಯಸಂಸ್ಕಾರಕ್ಕೆ ಮೊದಲೇ ತೀರ್ಮಾನಿಸಬೇಕಾದ ವಿಷಯವಿದು. ದಹನವಾದ ಮೇಲೆ ಆ ದಾರಿ ಮುಚ್ಚಿಹೋಗುತ್ತದೆ.

ಹಾಗಾದರೆ ವಿಡಿಯೊಗೆ ಬೆಲೆಯೇ ಇಲ್ಲವೇ?

ಇದೆ. ಆದರೆ ಕೈಯಿಂದ ಕೈಗೆ ಬಂದ ತುಣುಕಿಗಲ್ಲ, ಮೂಲ ಫೈಲ್‌ಗೆ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ವಿಡಿಯೊ ಆಗಿ ಕಳಿಸಿದಾಗ ಗುಣಮಟ್ಟ ಇಳಿಯುತ್ತದೆ. ಯಾವಾಗ, ಯಾವ ಫೋನ್‌ನಲ್ಲಿ ತೆಗೆದದ್ದು ಎಂಬ ವಿವರವೂ ಉಳಿಯದೆ ಹೋಗಬಹುದು. ಅದಕ್ಕೇ ಚಿತ್ರೀಕರಿಸಿದ ಫೋನ್‌ನಲ್ಲಿರುವ ಫೈಲನ್ನು ಅಳಿಸಬೇಡಿ, ಕತ್ತರಿಸಬೇಡಿ. ಕೋರ್ಟ್‌ನಲ್ಲಿ ಇಂಥ ಡಿಜಿಟಲ್ ಸಾಕ್ಷ್ಯದ ಪ್ರತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನಂತೆ ಪ್ರಮಾಣಪತ್ರವೂ ಬೇಕು.

ಅನುಮಾನವಿದ್ದರೆ ಮೊದಲು ಏನು ಮಾಡಬೇಕು?

ಚಿಕಿತ್ಸೆಯ ದಾಖಲೆಗಳನ್ನು ಲಿಖಿತವಾಗಿ ಕೇಳಿ. ರೋಗಿ ಅಥವಾ ಅವರ ಪರವಾಗಿ ಕೇಳಲು ಅಧಿಕಾರವಿರುವವರು ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ಕೊಡಬೇಕು ಎನ್ನುತ್ತದೆ 2002ರ ನಿಯಮಾವಳಿ. ಅರ್ಜಿಯ ಪ್ರತಿಗೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ದಾಖಲೆ ಕೊಡಲು ನಿರಾಕರಿಸುವುದೂ ದುರ್ನಡತೆಯ ಪಟ್ಟಿಯಲ್ಲೇ ಬರುತ್ತದೆ. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಳ್ಳಬೇಕೆಂಬುದೇ ನಿಯಮ. ಆದ್ದರಿಂದ ತಡಮಾಡಬೇಡಿ. ಪರಿಷತ್ತಿಗೆ ದೂರು ಬರೆಯುವಾಗ ದಿನಾಂಕ, ಸಮಯಗಳನ್ನು ಕ್ರಮವಾಗಿ ಹಾಕಿ, ಪ್ರತಿ ಮಾತಿಗೂ ಯಾವ ಕಾಗದ ಆಧಾರ ಎಂದು ತಿಳಿಸಿ.

ಒಟ್ಟಿನಲ್ಲಿ

ವೈರಲ್ ವಿಡಿಯೊ ಒಂದರಿಂದಲೇ ತಪ್ಪು ಮಾಡಿದ ವೈದ್ಯರಿಗೆ ಶಿಕ್ಷೆಯಾಗುವುದಿಲ್ಲ. ತಪ್ಪು ಮಾಡದವರ ಹೆಸರು ಮಾತ್ರ ಒಂದೇ ದಿನದಲ್ಲಿ ಕೆಡಬಹುದು. ನಿಮ್ಮ ಗ್ರೂಪ್‌ನಲ್ಲಿ ಯಾರಿಗಾದರೂ ಇಂಥ ಕಷ್ಟ ಬಂದರೆ ವಿಡಿಯೊ ಹಂಚುವ ಬದಲು "ಮೊದಲು ಕೇಸ್ ಶೀಟ್‌ಗೆ ಅರ್ಜಿ ಹಾಕಿ" ಎಂದು ತಿಳಿಸಿ. ನಿಜವಾಗಿ ಅವರ ಕೈ ಹಿಡಿಯುವುದು ಆ ಕಾಗದ.